ಮೈಕ್ ತಂತಿ ಒಂದೇ, ಕೆಲಸ ಮೂರು

ಫೋನಿನ 3.5 ಮಿ.ಮೀ. ಜ್ಯಾಕಿಗೆ ಪಿನ್ ಚುಚ್ಚಿದ ಕೂಡಲೇ ಆಡಿಯೋ ಚಿಪ್ ಒಂದು ತೀರ್ಮಾನಕ್ಕೆ ಬರಬೇಕು: ಬಂದಿರುವುದು ಬರೀ ಹೆಡ್‌ಫೋನೋ, ಮೈಕ್ ಇರುವ ಹೆಡ್‌ಸೆಟ್ಟೋ? ಅದಕ್ಕೆ ಆಧಾರ ಮೈಕಿನ ತಂತಿಯೊಂದೇ. ಅದೇ ತಂತಿಯಲ್ಲಿ ಮೈಕಿಗೆ ಬಯಾಸ್ ವೋಲ್ಟೇಜ್ (ಮೈಕ್ ಕೆಲಸ ಮಾಡಲು ಬೇಕಾದ ಸಣ್ಣ ವೋಲ್ಟೇಜ್) ಹೋಗಬೇಕು, ಮಾತು ವಾಪಸ್ ಬರಬೇಕು, ಹೆಡ್‌ಸೆಟ್ಟಿನ ಗುಂಡಿ ಒತ್ತಿದ್ದೂ ಗೊತ್ತಾಗಬೇಕು. ಮ್ಯೂಟ್ ಎಂದರೆ ಇವುಗಳಲ್ಲಿ ಮಾತನ್ನು ಮಾತ್ರ ತಡೆಯುವುದು. ಬಯಾಸನ್ನೇ ಕಿತ್ತುಹಾಕಿ ಮ್ಯೂಟ್ ಆಯಿತು ಎಂದುಕೊಂಡ ಫೋನುಗಳಲ್ಲೇ ‘ಟಪ್’ ‘ದಬ್’ ಕಾಟ ಹೆಚ್ಚು.

ಲೆಕ್ಕ ನೋಡೋಣ. ಬಯಾಸ್ 2.2 ವೋಲ್ಟ್, ನಡುವೆ 2.2 ಕಿಲೋ ಓಮ್ ರೆಸಿಸ್ಟರ್ ಇರಲಿ. ಹೆಡ್‌ಸೆಟ್ಟಿನ ಪುಟ್ಟ ಎಲೆಕ್ಟ್ರೆಟ್ ಮೈಕ್ 0.3 ಮಿಲಿಆಂಪ್ ಎಳೆದರೆ ತಂತಿಯಲ್ಲಿ ಉಳಿಯುವುದು 1.54 ವೋಲ್ಟ್. ಆಂಡ್ರಾಯ್ಡ್ ಹೆಡ್‌ಸೆಟ್ ನಿಯಮದ ಪ್ರಕಾರ ಮೈಕಿನ ಡಿಸಿ ರೋಧ 1 ಕಿಲೋ ಓಮಿಗಿಂತ ಕಡಿಮೆ ಇರಬಾರದು. ಗುಂಡಿ ಒತ್ತಿದಾಗ ಮೈಕ್ ತಂತಿಗೂ ನೆಲಕ್ಕೂ (ಗ್ರೌಂಡ್) ನಡುವೆ ಕಾಣಬೇಕಾದ ರೋಧ ಹೀಗೆ: ಕರೆ ಎತ್ತುವ ಗುಂಡಿ 0 ಓಮ್, ವಾಯ್ಸ್ ಅಸಿಸ್ಟೆಂಟ್ 135, ವಾಲ್ಯೂಮ್ ಏರಿಸಲು 240, ಇಳಿಸಲು 470. ಈ ಅಂಕಿಗಳು ಮೈಕ್ ಪಕ್ಕದಲ್ಲೇ ಇರುವಾಗ ಅಳೆದವು. ಬರೀ 470 ಓಮ್ ರೆಸಿಸ್ಟರ್ ಬೆಸುಗೆ ಹಾಕಿದರೆ ಮೈಕ್ ಪ್ಯಾರಲಲ್ ಸೇರಿ ಅಳತೆ ಕೆಳಗಿಳಿಯುತ್ತದೆ. ಚಿಪ್‌ಗೆ ಕಾಣುವ ವೋಲ್ಟೇಜ್ 470ಕ್ಕೆ 0.39, 240ಕ್ಕೆ 0.22, 135ಕ್ಕೆ 0.13. ಅಂತರ ಇಷ್ಟು ಸಣ್ಣದಾದ್ದರಿಂದಲೇ ಶೇ. 1ರ ರೆಸಿಸ್ಟರ್ ಬೇಕು.

ಮೂರು ಲೋಹದ ಪಟ್ಟಿಯ ಹೆಡ್‌ಫೋನ್ ಪಿನ್‌ನಲ್ಲಿ ಮೈಕಿನ ಜಾಗವೂ ನೆಲವೇ. ಹಾಗಾಗಿ ಚಿಪ್‌ಗೆ 0 ಓಮ್ ಕಾಣುತ್ತದೆ. ಒತ್ತಿದ ಗುಂಡಿಯೂ 0 ಓಮ್! ಇವೆರಡನ್ನು ಬೇರ್ಪಡಿಸುವುದು ಹೊತ್ತು ಮಾತ್ರ. ಚುಚ್ಚಿದಾಗಲೇ 0 ಇದ್ದರೆ ಹೆಡ್‌ಫೋನ್, ಆಮೇಲೆ 0 ಆದರೆ ಗುಂಡಿ. ಗುಂಡಿ ಅದುಮಿಕೊಂಡೇ ಪಿನ್ ಚುಚ್ಚಿದರೆ ಮೈಕ್ ಇಲ್ಲವೆಂದು ಚಿಪ್ ನಂಬಿಬಿಡುತ್ತದೆ. ಆದ್ದರಿಂದ ಅರ್ಧ ಸೆಕೆಂಡ್ ಬಿಟ್ಟು ಇನ್ನೊಮ್ಮೆ ಅಳೆಯುವುದು ಒಳ್ಳೆಯದು.

ನಾಲ್ಕು ಪಟ್ಟಿಯ ಹೆಡ್‌ಸೆಟ್ ಪಿನ್‌ನಲ್ಲೂ ಜೋಡಣೆಯ ಎರಡು ಪಂಗಡ. ಸಿಟಿಐಎ ಜೋಡಣೆಯಲ್ಲಿ ಬುಡದ ಪಟ್ಟಿ ಮೈಕ್, ಅದರ ಮುಂದಿನದು ನೆಲ. ಹಳೆಯ ಒಎಂಟಿಪಿಯಲ್ಲಿ ಇದು ತಿರುಗುಮುರುಗು. ತಪ್ಪು ಜೋಡಿ ಸೇರಿದರೆ ಸ್ಪೀಕರಿನ ಕರೆಂಟು ಮೈಕಿನ ಮೂಲಕ ನೆಲ ಸೇರಬೇಕಾಗಿ ಬಂದು, ಹಾಡಿನ ನಡುವಿನ ಗಾಯನ ಕಾಣೆಯಾಗುತ್ತದೆ, ಅಕ್ಕಪಕ್ಕದ ವಾದ್ಯ ಮಾತ್ರ ಟೊಳ್ಳಾಗಿ ಕೇಳುತ್ತದೆ. ಕರೆ ಗುಂಡಿ ಒತ್ತಿ ಹಿಡಿದರೆ ಸದ್ದು ತಟ್ಟನೆ ಸರಿಹೋಗುತ್ತದೆ, ಏಕೆಂದರೆ ಗುಂಡಿ ಮೈಕನ್ನು ಶಾರ್ಟ್ ಮಾಡಿ ನೆಲದ ದಾರಿ ತೆರೆಯುತ್ತದೆ. ಪಂಗಡ ಪತ್ತೆಗೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ನಿಜವಾದ ತಲೆನೋವು ಪಿನ್ ಎಳೆಯುವಾಗಿನದು. ಪಿನ್ ಒಂದು ಪಟ್ಟಿಯಷ್ಟು ಹೊರಗೆ ಜಾರಿದಾಗ ಜ್ಯಾಕಿನ ಮೈಕ್ ಸ್ಪರ್ಶಕ್ಕೆ ಹೆಡ್‌ಸೆಟ್ಟಿನ ನೆಲ ತಾಗುತ್ತದೆ, ಜ್ಯಾಕಿನ ನೆಲಕ್ಕೆ ಬಲಗಿವಿಯ ಸ್ಪೀಕರ್. ಈಗ ಬಯಾಸ್ ಆ ಸ್ಪೀಕರಿನ ಮೂಲಕ ಹರಿಯುತ್ತದೆ. 32 ಓಮ್ ಸ್ಪೀಕರಾದರೆ ಸುಮಾರು 1 ಮಿಲಿಆಂಪ್. ಕಿವಿಗೆ ‘ಟಿಕ್’ ಕೇಳುತ್ತದೆ. ಅಷ್ಟೇ ಅಲ್ಲ, 32 ಓಮ್ ಎಂಬುದು ಕರೆ ಗುಂಡಿಯ ವಲಯದ ಮಿತಿಯಾದ 70 ಓಮಿಗಿಂತ ಕಡಿಮೆ, ಹಾಗಾಗಿ ಚಿಪ್‌ಗೆ ಅದು ಕರೆ ಗುಂಡಿ. ಇಯರ್‌ಫೋನ್ ಕಿತ್ತಾಗ ಹಾಡು ತಾನಾಗಿ ಶುರುವಾಗುವುದು ಹೀಗೆ. ಗುಂಡಿಯ ಸುದ್ದಿಯನ್ನು ತಕ್ಷಣ ಮೇಲಕ್ಕೆ ಕಳಿಸದೆ 100 ಮಿಲಿಸೆಕೆಂಡ್ ಹಿಡಿದಿಟ್ಟುಕೊಳ್ಳಿ. ಅಷ್ಟರಲ್ಲಿ ಪಿನ್ ಇದೆಯೇ ಎಂದು ತಿಳಿಸುವ ಜ್ಯಾಕಿನ ಸ್ವಿಚ್ ತೆರೆದುಕೊಂಡರೆ ಎಸೆದುಬಿಡಿ.

ಚುಚ್ಚುವಾಗಿನ ಕ್ರಮವೂ ಮುಖ್ಯ. ಮೊದಲು ಮ್ಯೂಟ್, ಆಮೇಲೆ ಬಯಾಸ್ ಆನ್, ಕಾಯುವುದು, ಅಳೆಯುವುದು, ಕೊನೆಗೆ ಮ್ಯೂಟ್ ತೆಗೆಯುವುದು. ಎಷ್ಟು ಕಾಯಬೇಕು? ಬಯಾಸನ್ನು ತಡೆದು ಮಾತನ್ನು ಮಾತ್ರ ಒಳಬಿಡುವ ಕಪ್ಲಿಂಗ್ ಕೆಪಾಸಿಟರ್ 1 ಮೈಕ್ರೋಫ್ಯಾರಡ್, ಇನ್‌ಪುಟ್ ರೋಧ 20 ಕಿಲೋ ಓಮ್ ಎಂದರೆ ಕಾಲಸ್ಥಿರಾಂಕ (ಕೆಪಾಸಿಟರ್ ಎಷ್ಟು ಬೇಗ ಸ್ಥಿರವಾಗುತ್ತದೆ ಎಂಬ ಅಳತೆ) 20 ಮಿಲಿಸೆಕೆಂಡ್. ಅದರ ಐದು ಪಟ್ಟು, 100 ಮಿಲಿಸೆಕೆಂಡ್ ಬೇಕೇ ಬೇಕು.

ಕರೆಯ ನಡುವೆ ಗುಂಡಿ ಒತ್ತಿದಾಗ ತಂತಿ 1.54ರಿಂದ ಸೊನ್ನೆಗೆ ಬೀಳುತ್ತದೆ. ಮಾತಿನ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಆಚೆ ಕಡೆಯವರ ಕಿವಿಗೆ ಗುದ್ದು ಬಿದ್ದಂತಾಗುತ್ತದೆ. ಒತ್ತುವ ಮುನ್ನವೇ ಮ್ಯೂಟ್ ಮಾಡಲಾಗದು ನಿಜ, ಆದರೆ ಕರೆಯ ಮಾತನ್ನು ಕುಗ್ಗಿಸಿ ಕಳಿಸುವ ಎಎಂಆರ್ ಕೋಡೆಕ್ 20 ಮಿಲಿಸೆಕೆಂಡಿನ ಫ್ರೇಮ್ (ಮಾತಿನ ತುಣುಕು) ತುಂಬುವವರೆಗೆ ಕಾಯುತ್ತದಲ್ಲ, ಆ ಬಿಡುವು ನಮ್ಮದು. ವೇಗದ ಕಂಪೇರೇಟರ್ (ವೋಲ್ಟೇಜ್ ಹೋಲಿಸುವ ಸರ್ಕ್ಯೂಟ್) ಶಾರ್ಟ್ ಹಿಡಿದ ಕೂಡಲೇ ಫ್ರೇಮಿನ ಆ ಭಾಗವನ್ನು ಸೊನ್ನೆ ಮಾಡಿ. ಗುಂಡಿ ಬಿಟ್ಟ ಮೇಲೂ 100 ಮಿಲಿಸೆಕೆಂಡ್ ಮ್ಯೂಟ್ ಮುಂದುವರಿಸಿ.

ಬಳಕೆದಾರರು ಪರದೆಯ ಮೇಲೆ ಮ್ಯೂಟ್ ಒತ್ತಿದರೆ ಅದನ್ನು ಎಕೋ ಕ್ಯಾನ್ಸಲರ್ (ಮೈಕಿಗೆ ನುಸುಳಿದ ಆಚೆಯವರ ಮಾತನ್ನು ಅಳಿಸುವ ಭಾಗ) ದಾಟಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಕ್ಯಾನ್ಸಲರ್ ಸೊನ್ನೆಯನ್ನೇ ನೋಡುತ್ತಾ ಕಲಿತದ್ದನ್ನೆಲ್ಲ ಮರೆಯುತ್ತದೆ, ಮ್ಯೂಟ್ ತೆಗೆದಾಗ ಆಚೆಯವರಿಗೆ ತಮ್ಮದೇ ಮಾತು ಮರಳಿ ಕೇಳುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಅದರ ಕಲಿಕೆಯನ್ನಾದರೂ ತಡೆಹಿಡಿಯಿರಿ.

ವಾಲ್ಯೂಮ್ ತಾನಾಗಿ ಇಳಿಯುತ್ತಿದ್ದರೆ ಚಿಪ್ಪನ್ನು ಅನುಮಾನಿಸುವ ಮುನ್ನ ಪಿನ್ ಅಳೆಯಿರಿ. ಬೆವರು, ತೇವ ಸೇರಿ ಮೈಕ್ ಮತ್ತು ನೆಲದ ನಡುವೆ ಸೋರಿಕೆಯಾದರೆ ಒಟ್ಟು ರೋಧ 360ರಿಂದ 680 ಓಮಿನ ನಡುವೆ ಬಂದು ನಿಲ್ಲುತ್ತದೆ. ಅದು ‘ಇಳಿಸು’ ಗುಂಡಿಯ ವಲಯ. ಮಲ್ಟಿಮೀಟರಿನ ಕೆಂಪು ಕಡ್ಡಿ ಬುಡದ ಪಟ್ಟಿಗೆ, ಕಪ್ಪು ಅದರ ಮುಂದಿನದಕ್ಕೆ. 1 ಕಿಲೋ ಓಮಿಗಿಂತ ಕಡಿಮೆ ತೋರಿಸಿದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಪಿನ್ ಒರೆಸಿ, ಗುಂಡಿಯ ಡಬ್ಬಿ ಒಣಗಿಸಿ, ಮತ್ತೆ ಅಳೆಯಿರಿ. ಆಗಲೂ ಏರದಿದ್ದರೆ ಗುಂಡಿಯ ಭಾಗ ಬದಲಿಸಬೇಕು.