ಕಳಿಸಿದ ಮೇಲ್ ಯಾವ ಕಂಪ್ಯೂಟರಿನಲ್ಲಿದೆ?

ಮನೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಎರಡರಲ್ಲೂ ಒಂದೇ ಇಮೇಲ್ ನೋಡುವವರಿಗೆ ಬರುವ ಮೇಲ್ ಅಷ್ಟೇನೂ ತಲೆನೋವಲ್ಲ. ತಲೆನೋವು ಕಳಿಸಿದ ಮೇಲ್‌ನದು.

ನಮ್ಮದು ದಾವಣಗೆರೆಯಲ್ಲಿ ಮೆಕ್ಕೆಜೋಳದ ದಲಾಲಿ ಮಂಡಿ. ಅಂಗಡಿ ಎಪಿಎಂಸಿ ಯಾರ್ಡಿನಲ್ಲಿದೆ, ಆದರೆ ಬಿಲ್ಲು, ಜಿಎಸ್‌ಟಿ, ಪತ್ರವ್ಯವಹಾರ ಎಲ್ಲ ವಿದ್ಯಾನಗರದ ಮನೆಯಲ್ಲೇ. ಕೆಳಗೆ ಅಪ್ಪಾಜಿಯ ಡೆಸ್ಕ್‌ಟಾಪ್, ಮೇಲಿನ ರೂಮಿನಲ್ಲಿ ನನ್ನ ಲ್ಯಾಪ್‌ಟಾಪ್. ನಾಮಕ್ಕಲ್ ಕಡೆಯ ಕೋಳಿ ಆಹಾರದ ಮಿಲ್ಲಿನವರು ಮೇಲ್‌ನಲ್ಲಿ ಆರ್ಡರ್ ಕಳಿಸುತ್ತಾರೆ, ನಾವು ರೇಟು, ತೇವಾಂಶ, ಲಾರಿ ನಂಬರ್ ಬರೆದು ಉತ್ತರ ಹಾಕುತ್ತೇವೆ. ಸುಗ್ಗಿ ಶುರುವಾದರೆ ಇಡೀ ದಿನ ಇದೇ ಕೆಲಸ. ನಾನು ಮೆಟ್ಟಿಲ ಮೇಲಿಂದ "ಅಪ್ಪಾಜಿ, ಅವರಿಗೆ ಉತ್ತರ ಹಾಕಿದ್ರಾ?" ಅಂತ ಕೂಗುವುದು, ಅವರು "ನಿನ್ನೆನೇ ಹಾಕೀನಲ್ಲಪ್ಪ" ಅನ್ನುವುದು. ಹಾಕಿದ್ದು ನಿಜ. ಆದರೆ ಅದು ಕೆಳಗಿನ ಕಂಪ್ಯೂಟರಿನಲ್ಲಿ ಮಾತ್ರ ಇದೆ. ಯಾವ ರೇಟು ಬರೆದರು ಅಂತ ನೋಡಬೇಕಾದರೆ ನಾನು ಕೆಳಗೆ ಇಳಿಯಬೇಕು.

ಕಾರಣ ಪಾಪ್ (POP). ಸರ್ವರಿನಿಂದ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರಿನಿಂದ, ಮೇಲ್ ಇಳಿಸಿಕೊಳ್ಳುವ ಹಳೆಯ ವಿಧಾನ, 1984ರದ್ದು, ಈಗ ಎಲ್ಲರೂ ಬಳಸುವುದು ಅದರ ಮೂರನೇ ರೂಪ. ಅದಕ್ಕೆ ಗೊತ್ತಿರುವುದು ಇಷ್ಟೇ: ಸರ್ವರಿನಲ್ಲಿ ಇರುವ ಮೇಲ್‌ಗಳನ್ನು ಈ ಕಂಪ್ಯೂಟರಿಗೆ ತರುವುದು, ಬೇಕಿದ್ದರೆ ಅಲ್ಲಿಂದ ಅಳಿಸುವುದು. "ಸರ್ವರಿನಲ್ಲೂ ಒಂದು ಪ್ರತಿ ಬಿಡು" ಅಂತ ಟಿಕ್ ಹಾಕಿದರೆ ಬಂದ ಮೇಲ್ ಎರಡು ಕಡೆಯೂ ಇಳಿಯುತ್ತದೆ. ಬಹಳ ಜನ ಇಲ್ಲಿಗೆ ಸಮಸ್ಯೆ ಮುಗಿಯಿತು ಅಂದುಕೊಳ್ಳುತ್ತಾರೆ. ಎಲ್ಲಿ ಮುಗಿಯಿತು? ಕೆಳಗೆ ಓದಿದ್ದು ಮೇಲೆ ಓದದೇ ಇರುವ ಹಾಗೆ ದಪ್ಪಕ್ಷರದಲ್ಲೇ ಕಾಣುತ್ತದೆ, ಕೆಳಗೆ ಫೋಲ್ಡರ್ ಮಾಡಿ ಜೋಡಿಸಿದ್ದು ಮೇಲೆ ಇನ್‌ಬಾಕ್ಸಿನಲ್ಲೇ ರಾಶಿ ಬಿದ್ದಿರುತ್ತದೆ, ಕಳಿಸಿದ್ದರ ಪ್ರತಿಯನ್ನಂತೂ ಪಾಪ್ ಸರ್ವರಿಗೆ ಹಾಕುವುದೇ ಇಲ್ಲ. ಮಂಡಿಯಲ್ಲಿ ಒಂದೇ ವ್ಯಾಪಾರಕ್ಕೆ ಇಬ್ಬರು ಎರಡು ಖಿರ್ದಿ ಬರೆದ ಹಾಗೆ.

ಇದಕ್ಕೆ ಮದ್ದು ಐಮ್ಯಾಪ್ (IMAP) ಅನ್ನುವ ಇನ್ನೊಂದು ವಿಧಾನ. ಇದೇನೂ ಹೊಸದಲ್ಲ. 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ಶುರು ಮಾಡಿದ್ದು, ಜಿಮೇಲ್‌ಗೆ ಬಂದಿದ್ದು 2007ರಲ್ಲಿ. ಇದರಲ್ಲಿ ಮೇಲ್ ಇರುವ ಜಾಗ ಸರ್ವರೇ. ಓದಿದ್ದು, ಉತ್ತರ ಕೊಟ್ಟಿದ್ದು, ನಕ್ಷತ್ರ ಹಾಕಿದ್ದು, ಯಾವ ಫೋಲ್ಡರಿನಲ್ಲಿ ಇಟ್ಟಿದ್ದು, ಎಲ್ಲ ಗುರುತೂ ಅಲ್ಲೇ. ಕಂಪ್ಯೂಟರಿನಲ್ಲಿ ಇರುವುದು ಅದರ ನಕಲು.

"ಸುಮ್ನೆ ಬ್ರೌಸರಿನಲ್ಲಿ ಜಿಮೇಲ್ ತೆಗೆದರೆ ಆಯ್ತಲ್ವಾ?" ಅಂತ ಕೇಳಬಹುದು. ನಿಮ್ಮದು ಒಂದೇ ಜಿಮೇಲ್ ಆಗಿದ್ದರೆ ಹಾಗೇ ಮಾಡಿ, ಮುಂದೆ ಓದುವುದೇ ಬೇಡ. ನಮಗೆ ಅಂಗಡಿಯ ಹೆಸರಿನ ಇನ್ನೊಂದು ವಿಳಾಸವೂ ಇದೆ, ಅದರ ವೆಬ್‌ಮೇಲ್ ನೋಡಿದರೆ ಯಾರಿಗೂ ಬೇಜಾರು. ಅದಕ್ಕಿಂತ ಜಾಸ್ತಿ, ಕರೆಂಟ್ ಹೋದರೆ ರೌಟರ್ ಆಫ್, ನೆಟ್ ಇಲ್ಲ. ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂನಲ್ಲಿ ಐಮ್ಯಾಪ್ ಇದ್ದರೆ ಲ್ಯಾಪ್‌ಟಾಪಿನಲ್ಲಿ ಹಳೆಯ ಮೇಲ್ ಆಗಲೂ ಓದಬಹುದು.

ಇನ್ನೊಂದು ಸಲಹೆಯೂ ಕೇಳಿಬರುತ್ತದೆ: ಥಂಡರ್‌ಬರ್ಡ್ ತನ್ನ ಮೇಲ್, ಸೆಟ್ಟಿಂಗ್ ಎಲ್ಲ ಇಟ್ಟುಕೊಳ್ಳುವ ಪ್ರೊಫೈಲ್ ಫೋಲ್ಡರನ್ನೇ ಗೂಗಲ್ ಡ್ರೈವ್‌ಗೆ ಹಾಕಿ ಎರಡು ಕಡೆ ಸಿಂಕ್ ಮಾಡಿಬಿಡಿ ಅಂತ. ಖಂಡಿತ ಬೇಡ. ಸಾಮಾನ್ಯವಾಗಿ ಅದರಲ್ಲಿ ಇಡೀ ಇನ್‌ಬಾಕ್ಸ್ ಒಂದೇ ದೊಡ್ಡ ಫೈಲ್. ಒಂದು ಮೇಲ್ ಬಂದರೂ ಆ ಫೈಲ್ ಬದಲಾಗುತ್ತದೆ, ಎರಡೂ ಕಂಪ್ಯೂಟರಿನಲ್ಲಿ ಒಟ್ಟಿಗೆ ತೆರೆದಿದ್ದರೆ ಯಾವುದು ಯಾವುದನ್ನು ತುಳಿಯುತ್ತದೆ ಹೇಳಲಾಗುವುದಿಲ್ಲ. ಔಟ್‌ಲುಕ್ ಮೇಲ್ ಕೂಡಿಡುವ ಪಿಎಸ್‌ಟಿ ಫೈಲನ್ನು ಮನೆಯ ನೆಟ್‌ವರ್ಕ್ ಮೇಲೆ ಇಟ್ಟು ಬಳಸುವುದೂ ಇದೇ ಜಾತಿಯದು, ಮೈಕ್ರೋಸಾಫ್ಟ್ ಕೂಡ ಬೇಡ ಅನ್ನುತ್ತದೆ.

ಪಾಪ್‌ನಿಂದ ಐಮ್ಯಾಪ್‌ಗೆ ಹೋಗುವುದು ಬಟನ್ ಒತ್ತಿದರೆ ಆಗುವ ಕೆಲಸ ಅಲ್ಲ. ಥಂಡರ್‌ಬರ್ಡ್‌ನಲ್ಲಿ ಇರುವ ಪಾಪ್ ಅಕೌಂಟನ್ನು ಐಮ್ಯಾಪ್ ಆಗಿ ಬದಲಿಸಲು ಬರುವುದಿಲ್ಲ, ಅದೇ ವಿಳಾಸಕ್ಕೆ ಹೊಸ ಐಮ್ಯಾಪ್ ಅಕೌಂಟ್ ಪಕ್ಕದಲ್ಲೇ ಸೇರಿಸಬೇಕು. ಸೆಟ್ಟಿಂಗ್ ಕೇಳಿದರೆ ಪೋರ್ಟ್ 993, ಭದ್ರತೆಗೆ ಎಸ್‌ಎಸ್‌ಎಲ್. ಜಿಮೇಲ್ ಆದರೆ ಬ್ರೌಸರ್ ತೆರೆದುಕೊಂಡು ಗೂಗಲ್ ಲಾಗಿನ್ ಕೇಳುತ್ತದೆ, ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವ ಕಾಲ 2022ರಲ್ಲೇ ಹೋಯಿತು. ಹಳೇ ಪಾಪ್ ಅಕೌಂಟಿನಲ್ಲಿ ತಾನಾಗಿಯೇ ಮೇಲ್ ತರುವುದನ್ನು ಮೊದಲು ನಿಲ್ಲಿಸಿ, ಎರಡೂ ಕಂಪ್ಯೂಟರಿನಲ್ಲಿ. ಇಲ್ಲದಿದ್ದರೆ ನೀವು ಜೋಡಿಸುತ್ತಿರುವಾಗಲೇ ಅದು ಸರ್ವರಿನಿಂದ ಮೇಲ್ ಎತ್ತಿ ಅಳಿಸುತ್ತಿರುತ್ತದೆ.

ಆಮೇಲೆ ಹಳೆಯ ಮೇಲ್‌ಗಳನ್ನು ಸರ್ವರಿಗೆ ಹಾಕುವುದು. ಸರ್ವರಿನಲ್ಲಿ ಇನ್ನೂ ಉಳಿದಿರುವ ಮೇಲ್ ಹೊಸ ಅಕೌಂಟಿನಲ್ಲಿ ತಾನೇ ಕಾಣುತ್ತದೆ, ಅದನ್ನು ಮತ್ತೆ ಕಳಿಸಬೇಡಿ, ಎರಡೆರಡು ಆಗುತ್ತವೆ. ಸರ್ವರಿನಲ್ಲಿ ಇಲ್ಲದ್ದನ್ನು ಮಾತ್ರ ಒಂದು ಕಂಪ್ಯೂಟರಿನಿಂದ ಹೊಸ ಅಕೌಂಟಿನ ಫೋಲ್ಡರಿಗೆ ಹಾಕಿ. ಆದರೆ ಕಳಿಸಿದ ಮೇಲ್ ಸರ್ವರಿನಲ್ಲಿ ಇಲ್ಲದಿದ್ದರೆ ಅದನ್ನು ಮಾತ್ರ ಎರಡೂ ಕಂಪ್ಯೂಟರಿನಿಂದ ಹಾಕಲೇಬೇಕು, ಏಕೆಂದರೆ ಅಪ್ಪಾಜಿ ಬರೆದದ್ದು ಅವರಲ್ಲಿ, ನಾನು ಬರೆದದ್ದು ನನ್ನಲ್ಲಿ. ಮೂವ್ ಮಾಡಬೇಡಿ, ಕಾಪಿ ಮಾಡಿ. ಒಂದೊಂದು ವರ್ಷದ್ದು ಆರಿಸಿ ಕಾಪಿ ಮಾಡಿ, ಎರಡು ಕಡೆಯ ಲೆಕ್ಕ ತಾಳೆ ನೋಡಿ, ಆಮೇಲೆ ಮುಂದಿನ ವರ್ಷ. ಬಿಲ್ಲಿನ ಪಿಡಿಎಫ್‌ಗಳು ಜಾಸ್ತಿ ಇದ್ದರೆ ನಿಧಾನ ಆಗುತ್ತದೆ. ರಾತ್ರಿ ಹಚ್ಚಿ ಮಲಗುವುದು ವಾಸಿ. ಜಾಗವನ್ನೂ ನೋಡಿಕೊಳ್ಳಿ: ಜಿಮೇಲ್‌ನ ಉಚಿತ 15 ಜಿಬಿಯಲ್ಲಿ ನಿಮ್ಮ ಫೋಟೋಗಳೂ ಡ್ರೈವ್ ಫೈಲುಗಳೂ ಸೇರಿವೆ.

ಇಷ್ಟೆಲ್ಲ ಆದ ಮೇಲೂ ಕಳಿಸಿದ ಮೇಲ್ ಕೈಕೊಡಬಹುದು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ 'ಕಾಪೀಸ್ ಅಂಡ್ ಫೋಲ್ಡರ್ಸ್' ಅಂತ ಒಂದು ಪುಟ ಇದೆ. ಕಳಿಸಿದ್ದರ ಪ್ರತಿ 'ಲೋಕಲ್ ಫೋಲ್ಡರ್ಸ್'ಗೆ ಹೋಗುವಂತೆ ಅಲ್ಲಿ ಇದ್ದರೆ ಐಮ್ಯಾಪ್ ಇದ್ದೂ ಪ್ರಯೋಜನ ಇಲ್ಲ, ಅದು ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಎರಡೂ ಕಂಪ್ಯೂಟರಿನಲ್ಲಿ ಐಮ್ಯಾಪ್ ಅಕೌಂಟಿನ ಒಂದೇ ಸೆಂಟ್ ಫೋಲ್ಡರನ್ನು ತೋರಿಸಿ. ಡ್ರಾಫ್ಟ್‌ಗೂ ಅಷ್ಟೇ, ಆಗ ಕೆಳಗೆ ಅರ್ಧ ಬರೆದಿಟ್ಟ ಮೇಲನ್ನು ಮೇಲೆ ಬಂದು ಮುಗಿಸಬಹುದು. ಜಿಮೇಲ್‌ನಲ್ಲಿ ಈ ಪ್ರತಿಯನ್ನು ಸರ್ವರೇ ಇಟ್ಟುಕೊಳ್ಳುತ್ತದೆ, ನಮ್ಮ ಅಂಗಡಿ ಹೆಸರಿನದರಂಥ ಸ್ವಂತ ಡೊಮೇನ್‌ನ ವಿಳಾಸದಲ್ಲಿ ಸಾಮಾನ್ಯವಾಗಿ ನಿಮ್ಮ ಪ್ರೋಗ್ರಾಂ ಇಡಬೇಕು.

ಒಂದು ಅಪಾಯ ಮಾತ್ರ ನೆನಪಿರಲಿ. ಐಮ್ಯಾಪ್ ಬ್ಯಾಕಪ್ ಅಲ್ಲ. ಕೆಳಗೆ ಅಳಿಸಿದರೆ ಮೇಲೂ ಹೋಯಿತು. ಅಪ್ಪಾಜಿಗೆ ಇನ್‌ಬಾಕ್ಸ್ ಗುಡಿಸುವ ಚಟ ಬೇರೆ. ಅದಕ್ಕೇ ನನ್ನ ಲ್ಯಾಪ್‌ಟಾಪಿನ ಲೋಕಲ್ ಫೋಲ್ಡರಿಗೆ ಆಗಾಗ ಒಂದು ಪ್ರತಿ ಇಳಿಸಿ, ಪ್ರೊಫೈಲ್ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕುತ್ತೇನೆ, ಥಂಡರ್‌ಬರ್ಡ್ ಮುಚ್ಚಿಟ್ಟು.

ಬಂದ ಮೇಲನ್ನು ತಾನಾಗಿಯೇ ವಿಂಗಡಿಸುವ ಫಿಲ್ಟರ್‌ಗಳನ್ನು ಐಮ್ಯಾಪ್ ಹೊರುವುದಿಲ್ಲ. ಥಂಡರ್‌ಬರ್ಡ್‌ನಲ್ಲಿ ಮಾಡಿದ ಫಿಲ್ಟರ್ ಆ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ತೆರೆದಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಹಾಗಾಗಿ ವೆಬ್‌ಮೇಲ್‌ಗೆ ಹೋಗಿ ಸರ್ವರಿನಲ್ಲೇ ಮಾಡಿಕೊಳ್ಳಿ. ಅಡ್ರೆಸ್ ಬುಕ್ ಕೂಡ ಐಮ್ಯಾಪ್‌ಗೆ ಸಂಬಂಧ ಇಲ್ಲದ್ದು, ಅದಕ್ಕೆ ಕಾರ್ಡ್‌ಡಾವ್ ಅಂತ ಬೇರೆ ವಿಧಾನ ಇದೆ, ಗೂಗಲ್ ಕಾಂಟ್ಯಾಕ್ಟ್ಸ್ ಜೋಡಿಸಿದರೆ ಎರಡು ಕಡೆಯೂ ಬರುತ್ತದೆ. ಅಪ್ಪಾಜಿ ಅದನ್ನು ಜೋಡಿಸಲು ಬಿಟ್ಟಿಲ್ಲ. ವ್ಯಾಪಾರಿಗಳ ವಿಳಾಸ ಅವರ ಡೈರಿಯಲ್ಲಿದೆಯಂತೆ, ಸಾಕಂತೆ.