ಆದೇಶದಲ್ಲಿ ಓಣಂ ರಜೆ, ಶಾಲೆಯಲ್ಲಿ ದಸರಾ ರಜೆ

“ಓಣಂ ಮತ್ತು ಕ್ರಿಸ್‌ಮಸ್ ರಜೆಯ ಅರ್ಧ ದಿನಗಳು ಮಗು ತಂದೆಯ ಜೊತೆ ಇರಬೇಕು.” ನನ್ನ ತಮ್ಮನ ಮಗಳ ಕಸ್ಟಡಿ ಆದೇಶದಲ್ಲಿದ್ದ ಸಾಲು ಇದು. ಡೈವೋರ್ಸ್ ಕೇಸು ರಾಜಿಯಲ್ಲೇ ಮುಗಿದಿತ್ತು. ಆಗ ಪುಟ್ಟಿ ಕಾಸರಗೋಡಿನ ಶಾಲೆಯಲ್ಲಿ ಓದುತ್ತಿದ್ದಳು, ಯಾರಿಗೂ ಇದರಲ್ಲಿ ತೊಡಕು ಕಾಣಿಸಲಿಲ್ಲ. ಆಮೇಲೆ ಅವಳ ಅಮ್ಮನಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿತು. ಪುಟ್ಟಿಯೂ ಅಲ್ಲಿಯ ಶಾಲೆಗೆ ಸೇರಿದಳು. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಬಂದ ಮೇಲೆ ಓಣಂ ರಜೆ ಎಲ್ಲಿಂದ ಬರಬೇಕು?

ಗಡಿಯಲ್ಲಿ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಕೇರಳದಲ್ಲಿ ಓಣಂಗೆ ಹತ್ತು ದಿನದಷ್ಟು ರಜೆ, ನವರಾತ್ರಿಗೆ ಒಂದೆರಡು ದಿನ. ಕರ್ನಾಟಕದಲ್ಲಿ ಅಕ್ಟೋಬರ್ ಹೊತ್ತಿಗೆ ದಸರಾ ರಜೆ. ಇಲ್ಲಿ ಕೇರಳದಲ್ಲಿ ಏಪ್ರಿಲ್, ಮೇ ಪೂರ್ತಿ ರಜೆ ಇದ್ದು ಜೂನ್‌ನಲ್ಲಿ ಶಾಲೆ ಶುರು. ಅಲ್ಲಿ ಕರ್ನಾಟಕದಲ್ಲಿ ಮೇ ಕೊನೆಗೇ ಬಾಗಿಲು ತೆರೆಯುತ್ತದೆ. ಆದೇಶದಲ್ಲಿ ಮಾತ್ರ “ಮೇ 1ರಿಂದ 31ರವರೆಗೆ ತಂದೆಯ ಜೊತೆ” ಅಂತಿತ್ತು. ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10 ಗಂಟೆಗೆ ಮಗುವನ್ನು ಕರೆತರಬೇಕು ಅಂತಲೂ ಇತ್ತು. ಮಂಗಳೂರಿನ ಶಾಲೆಯಲ್ಲಿ ಶನಿವಾರ ಅರ್ಧ ದಿನ ಕ್ಲಾಸು!

“ಅರ್ಧ ರಜೆ ನನ್ನದು, ದಸರಾಕ್ಕೆ ಕಳಿಸಬೇಕು” ಅಂತ ತಮ್ಮ. “ಆದೇಶದಲ್ಲಿ ದಸರಾ ಎಲ್ಲುಂಟು, ತೋರಿಸಿ” ಅಂತ ಅವಳ ಅಮ್ಮ. ಇಬ್ಬರ ಮಾತಲ್ಲೂ ನ್ಯಾಯ ಇತ್ತು. ಒಂದು ಸಂಜೆ ಪುಟ್ಟಿ ನನಗೇ ಫೋನ್ ಮಾಡಿ, “ಅತ್ತೆ, ನಾನು ಬ್ಯಾಗ್ ತುಂಬಿಸಿ ಇಟ್ಟಿದ್ದೇನೆ, ಬರೋದಾ ಬೇಡ್ವಾ?” ಅಂತ ಕೇಳಿದಳು. ನನಗೆ ಉತ್ತರ ಹೇಳಲಿಕ್ಕೆ ಆಗಲಿಲ್ಲ.

ಮನೆಗೆ ಬಂದವರೆಲ್ಲ ಒಂದೊಂದು ಹೇಳಿದರು. ಕೋರ್ಟ್ ಒಮ್ಮೆ ಬರೆದ ಮೇಲೆ ಮುಗಿಯಿತು ಅಂತ ಕೆಲವರು. ಕೋರ್ಟ್ ನಿಂದನೆ ಕೇಸ್ ಹಾಕಿಬಿಡು ಅಂತ ಇನ್ನು ಕೆಲವರು. ಕಾಸರಗೋಡಿನ ವಿದ್ಯಾನಗರದಲ್ಲಿ ನಮ್ಮ ವಕೀಲರು ಇವೆರಡನ್ನೂ ತಳ್ಳಿಹಾಕಿದರು. ಮಗುವಿನ ಕಸ್ಟಡಿ ಆದೇಶ ಶಿಲಾಶಾಸನ ಅಲ್ಲವಂತೆ. ಹಿಂದೂ ವಿವಾಹ ಕಾಯ್ದೆ, 1955ರ 26ನೇ ಸೆಕ್ಷನ್ ಪ್ರಕಾರ, ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ತೀರ್ಪು, ಆದ ಮೇಲೂ ಇಬ್ಬರಲ್ಲಿ ಯಾರಾದರೂ ಅರ್ಜಿ ಹಾಕಿದರೆ ಕೋರ್ಟ್ ಅದನ್ನು ಬದಲಿಸಬಹುದು, ತಡೆಹಿಡಿಯಬಹುದು, ರದ್ದೂ ಮಾಡಬಹುದು. ವಿಶೇಷ ವಿವಾಹ ಕಾಯ್ದೆಯ 38ನೇ ಸೆಕ್ಷನಿನಲ್ಲೂ ಇಂಥದೇ ಮಾತು ಉಂಟು. ರಾಜಿಯಲ್ಲಿ ಸಹಿ ಹಾಕಿ ಆಗಿದೆಯಲ್ಲ ಅಂತ ನಾನು ಕೇಳಿದೆ. ಅದೂ ಅಡ್ಡಿಯಲ್ಲ. ರೋಸಿ ಜೇಕಬ್ ಕೇಸಿನಲ್ಲಿ 1973ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. 2010ರ ವಿಕ್ರಮ್ ವೀರ್ ವೋಹ್ರಾ ಕೇಸು ನಮ್ಮದಕ್ಕೆ ಇನ್ನೂ ಹತ್ತಿರ. ಅಲ್ಲಿಯೂ ಒಪ್ಪಂದದ ಮೇಲೆ ಡೈವೋರ್ಸ್ ಆಗಿತ್ತು, ಆಮೇಲೆ ತಾಯಿಗೆ ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಿತ್ತು. ಮಗುವಿನ ಹಿತ ನೋಡಿ ಹಳೆಯ ಏರ್ಪಾಡು ಬದಲಿಸಬಹುದು ಅಂತ ಕೋರ್ಟ್ ಒಪ್ಪಿತು.

ಸ್ಪಷ್ಟೀಕರಣ ಬೇರೆ, ಮಾರ್ಪಾಡು ಬೇರೆ ಅಂತ ಅವರು ಬಿಡಿಸಿ ಹೇಳಿದ್ದು ತುಂಬಾ ಉಪಕಾರವಾಯಿತು. ಆದೇಶದಲ್ಲಿರುವ ಮಾತಿಗೆ ಎರಡು ಅರ್ಥ ಬರುತ್ತಿದ್ದರೆ, ಯಾವ ಅರ್ಥ ಸರಿ ಅಂತ ಅದೇ ಕೋರ್ಟನ್ನು ಕೇಳುವುದು ಸ್ಪಷ್ಟೀಕರಣ. ಆ ನೆಪದಲ್ಲಿ ಹೊಸ ಹಕ್ಕು ಕೇಳಲಿಕ್ಕಿಲ್ಲ. ಪರಿಸ್ಥಿತಿಯೇ ಬದಲಾಗಿದ್ದರೆ ಮಾರ್ಪಾಡು ಕೇಳಬೇಕು. ಏನು ಬದಲಾಯಿತು, ಅದರಿಂದ ಮಗುವಿಗೆ ಏನಾಗುತ್ತಿದೆ ಅಂತ ತೋರಿಸಬೇಕು. ಆದೇಶವೇ ತಪ್ಪು ಅನ್ನುವವರು ಹೈಕೋರ್ಟಿಗೆ ಮೇಲ್ಮನವಿ ಹಾಕಬೇಕು, ಅದಕ್ಕೆ ಗಡುವು ಉಂಟು. ನಮ್ಮ ಅರ್ಜಿಯಲ್ಲಿ ಮೊದಲೆರಡನ್ನೂ ಕೇಳಿದರು. ಓಣಂ ರಜೆ ಅಂದರೆ ಶಾಲೆಯ ಮಧ್ಯಂತರ ರಜೆ ಅಂತ ಸ್ಪಷ್ಟಪಡಿಸಿ, ಅದು ಆಗದಿದ್ದರೆ ಆ ಸಾಲನ್ನೇ ಬದಲಿಸಿ ಅಂತ.

ಅರ್ಜಿಯ ಜೊತೆ ಇಟ್ಟದ್ದು ಪುಟ್ಟಿಯ ಶಾಲಾ ಡೈರಿಯ ಎರಡು ಪುಟದ ಜೆರಾಕ್ಸ್. ಒಂದರಲ್ಲಿ ವರ್ಷದ ರಜೆಪಟ್ಟಿ, ಇನ್ನೊಂದರಲ್ಲಿ ಶನಿವಾರದ ಟೈಂಟೇಬಲ್. ಅಮ್ಮನ ಮೇಲೆ ದೂರು ಒಂದೂ ಇರಲಿಲ್ಲ. ಬೇಕೆಂದೇ ಬಿಟ್ಟದ್ದು, ನನ್ನ ಪ್ರಕಾರ ಎಲ್ಲಕ್ಕಿಂತ ಜಾಣತನದ ಕೆಲಸ ಅದೇ. ದೂರು ಬರೆದರೆ ಆ ಕಡೆಯವರೂ ದೂರನ್ನೇ ಬರೆಯುತ್ತಾರೆ. ನಮ್ಮಲ್ಲಿ ಹಾಗಾಗಲಿಲ್ಲ. ಅವಳ ಅಮ್ಮನ ಉತ್ತರ ಅರ್ಧ ಪುಟ ಮಾತ್ರ. ದಸರಾಕ್ಕೆ ಕಳಿಸುತ್ತೇನೆ, ಆದರೆ ಶಾಲೆ ಶುರುವಾಗುವ ಮೂರು ದಿನ ಮೊದಲು ಮಗು ವಾಪಸ್ ಬರಬೇಕು, ಕೋರ್ಟಿನ ಆವರಣದಲ್ಲಿ ಮಗುವನ್ನು ಒಪ್ಪಿಸುವುದು ಬೇಡ.

ಆ ಕೊನೆಯ ಮಾತಿಗೆ ನಾನು ಮನಸಾರೆ ಒಪ್ಪುತ್ತೇನೆ. ಜಡ್ಜ್ ಪುಟ್ಟಿಯನ್ನು ಚೇಂಬರಿಗೆ ಕರೆಸಿ ಸ್ವಲ್ಪ ಹೊತ್ತು ಮಾತಾಡಿದರು. ಹೊರಗೆ ಬಂದ ಒಂಬತ್ತು ವರ್ಷದ ಹುಡುಗಿ ನನ್ನ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು, ಊಟದ ಹೊತ್ತಿನವರೆಗೂ ಬಿಡಲಿಲ್ಲ. ಮಕ್ಕಳು ತಿಂಗಳಿಗೆ ಎರಡು ಸಲ ನೋಡುವ ಜಾಗ ಕೋರ್ಟ್ ಆಗಬಾರದು.

ಹೊಸ ಆದೇಶದಲ್ಲಿ ಹಬ್ಬದ ಹೆಸರಿಲ್ಲ. “ಮಗು ಆಯಾ ವರ್ಷ ಓದುವ ಶಾಲೆಯ ಮಧ್ಯಂತರ ರಜೆಯ ಮೊದಲ ಅರ್ಧ” ಅಂತ ಉಂಟು. ಶನಿವಾರ ಮಧ್ಯಾಹ್ನ 2ರಿಂದ ಭಾನುವಾರ ಸಂಜೆ 5ರವರೆಗೆ ನಮ್ಮಲ್ಲಿ. ಒಪ್ಪಿಸುವುದು ಮಂಗಳೂರಿನ ಹತ್ತಿರ ತೊಕ್ಕೊಟ್ಟಿನಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯಲ್ಲಿ. ದಿನಕ್ಕೆ ಹತ್ತು ನಿಮಿಷ ವಿಡಿಯೋ ಕಾಲ್ ಕೂಡ ಸಿಕ್ಕಿತು. ಮಗು ಜೊತೆಗಿಲ್ಲದ ತಂದೆಗೋ ತಾಯಿಗೋ ದಿನಾ 5ರಿಂದ 10 ನಿಮಿಷ ಮಾತಾಡುವ ಹಕ್ಕು ಇರಬೇಕು ಅಂತ 2020ರ ಯಶಿತಾ ಸಾಹು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ವಕೀಲರು ಎತ್ತಿ ತೋರಿಸಿದ್ದರು.

ರಾಜಿಪತ್ರ ಬರೆಸುತ್ತಿರುವವರು ದಯವಿಟ್ಟು ಹಬ್ಬದ ಹೆಸರು, ತಾರೀಕು ಹಾಕಬೇಡಿ. ಶಾಲೆಯ ರಜೆ ಅಂತಲೇ ಬರೆಸಿ. ಗಡಿಯ ಈಚೆ ಆಚೆ ಕೆಲಸ ಬದಲಾಗುವ ನಮ್ಮಂಥವರಿಗೆ ಇದು ಬೇಕೇ ಬೇಕು. ಹೊಸ ಆದೇಶ ಕೈಗೆ ಬರುವವರೆಗೆ ಹಳೆಯದೇ ಊರ್ಜಿತ, ಸುಮ್ನೆ ನಾವೇ ಬದಲಿಸಿಕೊಳ್ಳಲಿಕ್ಕಿಲ್ಲ. ಇಬ್ಬರೂ ಒಪ್ಪಿ ಒಂದು ದಿನ ಹಿಂದೆ ಮುಂದೆ ಮಾಡಿದರೂ ವಾಟ್ಸ್ಯಾಪಿನಲ್ಲಿ ಬರೆದಿಡಿ.

ಹೈಸ್ಕೂಲಿಗೆ ಹೋದ ಮೇಲೆ ಪುಟ್ಟಿಗೆ ಶನಿವಾರ ಮಧ್ಯಾಹ್ನವೂ ಸ್ಪೆಷಲ್ ಕ್ಲಾಸ್ ಇರಬಹುದು. ಆಗ ಪುನಃ ಅರ್ಜಿ ಹಾಕಬೇಕು. ಅದನ್ನು ಇಬ್ಬರೂ ಸೇರಿಯೇ ಹಾಕುವುದು ಅಂತ ತಮ್ಮನೂ ಅವಳ ಅಮ್ಮನೂ ಈಗಲೇ ಮಾತಾಡಿಕೊಂಡಿದ್ದಾರೆ.