ಬ್ಯಾನು, ಬ್ಯಾಂಕು, ಬನಿಯನ್ನು, ಬ್ಯಾಂಡಿಕೂಟು

ಇಂಗ್ಲಿಷ್ ಡಿಕ್ಷನರಿಯಲ್ಲಿ ಬಿ, ಎ, ಎನ್ ಅಂತ ಶುರುವಾಗುವ ಪುಟ ತೆಗೆದು ನೋಡಿ. ಎಲ್ಲಾ ಒಂದೇ ಮನೆಯವರು ಅನ್ನಿಸುತ್ತದೆ. ಆದರೆ ಬೆಳಗಿನ ಹೊತ್ತು ಮುಂಬಯಿಯ ಚರ್ಚ್‌ಗೇಟ್ ಲೋಕಲ್ ಟ್ರೇನಿನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಕೂತ ಹಾಗೆ, ಮೈಗೆ ಮೈ ತಾಗಿದ್ದರೂ ಅವರವರ ಊರು ಬೇರೆ ಬೇರೆ.

ಬ್ಯಾನ್ ಅಂದರೆ ಈಗ ನಿಷೇಧ. ಹಳೇ ಇಂಗ್ಲಿಷಿನಲ್ಲಿ ಅದು ಸಾರುವುದು, ಕರೆಯುವುದು, ಹೆಚ್ಚುಕಡಿಮೆ ನಮ್ಮ ಡಂಗುರ. ಕ್ಯಾಥೊಲಿಕ್ ಚರ್ಚುಗಳಲ್ಲಿ ಮದುವೆಗೆ ಮುಂಚೆ ಜೋಡಿಯ ಹೆಸರು ಓದಿ ಹೇಳುತ್ತಾರಲ್ಲ, ಅದನ್ನು ಬ್ಯಾನ್ಸ್ ಅನ್ನುವುದು ಇದಕ್ಕೇ. ಬ್ಯಾಂಡಿಟ್, ಅಂದರೆ ದರೋಡೆಕೋರ, ಇಟಲಿಯಿಂದ ಬಂದದ್ದು, 'ಇವನು ಊರಿಗೆ ಸೇರಿದವನಲ್ಲ' ಅಂತ ಸಾರಿಸಿಕೊಂಡು ಹೊರಬಿದ್ದವನು. ನನಗೆ ಜಾಸ್ತಿ ಇಷ್ಟವಾದದ್ದು ಬನಾಲ್. ಫ್ರಾನ್ಸಿನಲ್ಲಿ ಹಿಂದೆ ಜಮೀನ್ದಾರನ ಅಪ್ಪಣೆ ಇತ್ತು, ಊರಿನವರೆಲ್ಲ ಅವನ ಗಿರಣಿಯಲ್ಲೇ ಹಿಟ್ಟು ಮಾಡಿಸಬೇಕು, ಅವನ ಒಲೆಯಲ್ಲೇ ಬ್ರೆಡ್ ಸುಡಿಸಬೇಕು. ಹೀಗೆ ಎಲ್ಲರೂ ಬಳಸುವಂಥದ್ದು ಬನಾಲ್ ಆಯಿತು, ಆಮೇಲೆ ಎಲ್ಲರೂ ಹೇಳಿ ಹೇಳಿ ಸವೆದ ಮಾತಿಗೂ ಅದೇ ಹೆಸರು ಬಂತು.

ಬ್ಯಾಂಕಿಗೂ ಇವರಿಗೂ ಸಂಬಂಧವಿಲ್ಲ. ಉಡುಪಿ ಮಂಗಳೂರು ಕಡೆಯಿಂದ ಮುಂಬಯಿಗೆ ಬಂದವರ ಮನೆಯಲ್ಲಿ ಒಬ್ಬರು ಹೋಟೆಲು, ಇನ್ನೊಬ್ಬರು ಬ್ಯಾಂಕು, ಅಲ್ವಾ? ಆ ಬ್ಯಾಂಕು ಮೂಲದಲ್ಲಿ ಬರೀ ಬೆಂಚು. ಇಟಲಿಯಲ್ಲಿ ನಾಣ್ಯ ಬದಲಿಸಿ ಕೊಡುವವರು ಬೆಂಚು ಹಾಕಿಕೊಂಡು ವ್ಯವಹಾರ ಮಾಡುತ್ತಿದ್ದರು, ಅದು ಬಾಂಕಾ. ಬಾಂಕಾ ರೊಟ್ಟಾ ಅಂದರೆ ಮುರಿದ ಬೆಂಚು, ಅದೇ ಬ್ಯಾಂಕ್ರಪ್ಟ್. ದಿವಾಳಿಯಾದವನ ಬೆಂಚನ್ನು ನಿಜವಾಗಿಯೂ ಒಡೆದು ಹಾಕುತ್ತಿದ್ದರು ಅಂತ ಒಂದು ಕಥೆ ಓಡಾಡುತ್ತದೆ. ಕೇಳೋಕೆ ಚೆನ್ನಾಗಿದೆ, ನಾನಂತೂ ಪೂರ್ತಿ ನಂಬುವುದಿಲ್ಲ. ಔತಣಕ್ಕೆ ಹೇಳುವ ಬ್ಯಾಂಕ್ವೆಟ್ ಕೂಡ ಇದೇ ಮನೆಯದು, ಮೂಲದಲ್ಲಿ ಚಿಕ್ಕ ಬೆಂಚು. ಈಗ ಬ್ಯಾಂಕ್ವೆಟ್ ಹಾಲ್‌ನ ಬಾಡಿಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಇನ್ನು ಬನಿಯನ್. ಇದು ಗುಜರಾತಿಯ ವಾಣಿಯಾ, ಅಂದರೆ ವ್ಯಾಪಾರಿ. ಅರಬ್ಬರ, ಪೋರ್ಚುಗೀಸರ ಬಾಯಲ್ಲಿ ಬನಿಯನ್ ಆಯಿತು. ಇರಾನಿನ ಬಂದರ್ ಅಬ್ಬಾಸಿನ ಹತ್ತಿರ ಒಂದು ದೊಡ್ಡ ಆಲದ ಮರದ ಕೆಳಗೆ ಈ ವ್ಯಾಪಾರಿಗಳು ಗುಡಿ ಕಟ್ಟಿಕೊಂಡಿದ್ದರು. ನೋಡಿದ ಯುರೋಪಿನವರು ಅದನ್ನು ಬನಿಯನ್ನರ ಮರ ಅಂದರು, ಕೊನೆಗೆ ಆಲದ ಮರಕ್ಕೆಲ್ಲ ಅದೇ ಹೆಸರು. ನಾವು ಶರ್ಟಿನೊಳಗೆ ಹಾಕುವ ಬನಿಯನ್ನೂ ಇದೇ ಶಬ್ದ. ಮಜಾ ಏನಂದರೆ ಮುಂಬಯಿಯ ಶೇರು ದಲ್ಲಾಳಿಗಳು 1850ರ ದಶಕದಲ್ಲಿ ಸೇರುತ್ತಿದ್ದದ್ದೂ ಟೌನ್ ಹಾಲ್ ಎದುರಿನ ಆಲದ ಮರದ ಕೆಳಗೆ, ಈಗಿನ ಹಾರ್ನಿಮನ್ ಸರ್ಕಲ್ಲಿನ ಹತ್ತಿರ. 1875ರಲ್ಲಿ ಅವರು ಸಂಘ ಕಟ್ಟಿಕೊಂಡರು, ಅದೇ ಇವತ್ತಿನ ಬಿಎಸ್‌ಇ, ಅಂದರೆ ಮುಂಬಯಿಯ ಶೇರು ಮಾರುಕಟ್ಟೆ.

ಬನಾನಾ ಪಶ್ಚಿಮ ಆಫ್ರಿಕಾದ್ದು. ಬ್ಯಾಂಗಲ್ ಹಿಂದಿಯದು, ಮರಾಠಿಯಲ್ಲೂ ಬಳೆಗೆ ಬಾಂಗಡಿ ಅನ್ನುತ್ತಾರೆ (ಮಾರ್ಕೆಟ್ಟಿನಲ್ಲಿ ಬಾಂಗಡಾ ಅಂದರೆ ನಮ್ಮ ಬಂಗುಡೆ ಮೀನು, ಹುಷಾರು). ತಲೆಗೋ ಕತ್ತಿಗೋ ಕಟ್ಟುವ ವಸ್ತ್ರ ಬಂಡಾನಾ ಕೂಡ ಹಿಂದಿಯಿಂದಲೇ ಹೋದದ್ದು, ಬಟ್ಟೆಯನ್ನು ಗಂಟು ಕಟ್ಟಿ ಬಣ್ಣ ಹಾಕುವ ಬಾಂಧ್ನೂ. ಅದರ ಹಿಂದಿರುವ ಸಂಸ್ಕೃತದ ಬಂಧ್, ಇಂಗ್ಲಿಷಿನ ಬ್ಯಾಂಡೇಜ್ ಇವೆರಡೂ ಬಹಳ ಹಿಂದೆ ಒಂದೇ ಬೇರಿನವು. ಪುಟದಲ್ಲಿ ಪಕ್ಕ ಪಕ್ಕ ಇದ್ದು ನಿಜವಾಗಿಯೂ ನೆಂಟರಾದವರು ಇವರು.

ಬ್ಯಾಂಡಿಕೂಟ್, ಅಂದರೆ ಹೆಗ್ಗಣ, ಮಾತ್ರ ನಮ್ಮ ಪಕ್ಕದ ಮನೆಯದು. ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿ ಇಲಿ. ಹಳಗನ್ನಡದಲ್ಲಿ ನಮ್ಮ ಹಂದಿಯೂ ಪಂದಿಯೇ ಆಗಿತ್ತು. ಆಸ್ಟ್ರೇಲಿಯಾದಲ್ಲಿ ಹೊಟ್ಟೆಗೆ ಚೀಲ ಇರುವ, ಇಲಿಗೆ ಏನೂ ಸಂಬಂಧವಿಲ್ಲದ ಒಂದು ಪ್ರಾಣಿಗೂ ಇಂಗ್ಲಿಷರು ಸುಮ್ನೆ ಈ ಹೆಸರು ಅಂಟಿಸಿದರು. ಹೆಗ್ಗಣಕ್ಕೆ ಹಂದಿಯ ಹೆಸರು ಯಾಕೆ ಅಂತ ಕೇಳುವವರು ರಾತ್ರಿ ಹನ್ನೊಂದರ ಮೇಲೆ ದಾದರ್ ತರಕಾರಿ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿ ಬರಲಿ.